ನೂರ ಎಂಬತ್ತೇಳು ಕೂದಲು

ಎಪಿಫಾನಿಯೋ ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆತ ಇದನ್ನು ತನ್ನ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಊರಿನ ಸರಕಾರಿ ಆಸ್ಪತ್ರೆಯ ಉಗ್ರಾಣದಲ್ಲಿ ಕುಳಿತು ಫಿನಾಯಿಲು, ಹತ್ತಿ, ಕೈಗವಸು, ನೆಲ ಒರೆಸುವ ಬಟ್ಟೆ ಇಂಥವನ್ನು ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಆತನ ಕೆಲಸ. ಆದರೆ ಆ ಆಸ್ಪತ್ರೆಯಲ್ಲಿ ಉಗ್ರಾಣದವನಿಗೂ ಬಿಳಿ ಕೋಟು ಕೊಡುತ್ತಾರೆ. ಕೋಟಿನ ಬೆನ್ನಿನ ಮೇಲೆ ಇವನು ಫಿನಾಯಿಲಿನವನು ಎಂದೇನೂ ಬರೆದಿರುವುದಿಲ್ಲ. ಸಂಜೆ ಅದನ್ನು ಬಿಚ್ಚದೆ ಮನೆಗೆ ನಡೆದು ಬರುವುದು ಆತನ ಹನ್ನೊಂದು ವರ್ಷದ ಅಭ್ಯಾಸ. ಲಾ ಸೇಯ್ಬಾ ಬೀದಿಯವರು "ಡಾಕ್ಟ್ರೇ" ಎಂದು ಕೂಗಿದರೆ ಓಗೊಡುತ್ತಿದ್ದ. ಓಗೊಟ್ಟ ಮಾತ್ರಕ್ಕೆ ಸುಳ್ಳು ಹೇಳಿದಂತಲ್ಲ ಎಂಬುದು ಆತನ ಧರ್ಮಸೂಕ್ಷ್ಮ.

ಯಾರು ಯಾವ ಕಾಯಿಲೆ ಹೇಳಿಕೊಂಡು ಬಂದರೂ "ನೀರು ಜಾಸ್ತಿ ಕುಡೀರಿ, ಉಪ್ಪು ಕಮ್ಮಿ ಮಾಡಿ" ಎನ್ನುತ್ತಿದ್ದ. ಇಷ್ಟು ವರ್ಷಗಳಲ್ಲಿ ಆತನ ಕೈಯಲ್ಲಿ ಒಬ್ಬರೂ ಸತ್ತಿರಲಿಲ್ಲ. ದೊಡ್ಡ ದೊಡ್ಡ ಡಾಕ್ಟರುಗಳಿಗೂ ಇಂಥ ಹೆಸರು ಇಲ್ಲ.

ಹೀಗಿರಲಾಗಿ ಒಂದು ಭಾನುವಾರ ಬಚ್ಚಲಿನ ನೀರು ಕಟ್ಟಿಕೊಂಡಿತು. ಫಾನೋ (ಮನೆಯಲ್ಲಿ, ಆಸ್ಪತ್ರೆಯಲ್ಲಿ ಆತನನ್ನು ಕರೆಯುವುದು ಹೀಗೆ) ತಂತಿ ಹಾಕಿ ಎಳೆದ. ಕಪ್ಪಗೆ ಒದ್ದೆಯಾಗಿ ಏನೋ ಮೇಲೆ ಬಂತು. ತಂತಿಯನ್ನು ಅಲ್ಲೇ ಎಸೆದು ಬಚ್ಚಲಿನ ಬಾಗಿಲವರೆಗೂ ಹಾರಿದ.

"ಇಲಿ ಕಣೇ, ಸತ್ತ ಇಲಿ."

ಅವನ ಹೆಂಡತಿ ಸುನಿಲ್ದಾ ಬಂದು ನೋಡಿದಳು. "ಇಲಿಯಲ್ಲ ಫಾನೋ. ಅದು ನಾನು," ಎಂದಳು.

ಸೊಂಟದವರೆಗೆ ಬರುವ ಕೂದಲು ಅವಳದು. ಶನಿವಾರ ಬಂತೆಂದರೆ ಮಿಲೇಡಿಸಳ ಸಲೂನಿನಲ್ಲಿ ತಲೆ ತುಂಬ ಉರುಳೆ ಸುತ್ತಿಸಿಕೊಂಡು, ಬಿಸಿಗಾಳಿಯ ಯಂತ್ರದ ಕೆಳಗೆ ಎರಡು ಗಂಟೆ ಕೂತು, ರೇಷ್ಮೆಯಂತೆ ಮಾಡಿಸಿಕೊಂಡು ಬರುತ್ತಿದ್ದಳು. ಎರಡು ವಾರದಿಂದ ಅತ್ತ ತಲೆಯೇ ಹಾಕಿರಲಿಲ್ಲ. ಬಾಚಣಿಗೆ ಹಾಕಿದರೆ ಬಾಚಣಿಗೆ ತುಂಬ, ದಿಂಬಿನ ಮೇಲೆ ಬೆಳಗಾದರೆ ದಿಂಬಿನ ತುಂಬ. ಅವಳಿಗೆ ಕಣ್ಣು ಮುಚ್ಚಿದರೆ ಅತ್ತೆ ಒಬ್ದೂಲಿಯಾಳ ನೆನಪು. ಆಕೆಯದು ಮೊದಲು ಕೂದಲು ಹೋಯಿತು, ವರ್ಷ ತುಂಬುವುದರೊಳಗೆ ಆಕೆಯೇ ಹೋದಳು.

"ನಿಮ್ಮಾಸ್ಪತ್ರೆಗೆ ಸೋಮವಾರ ಚರ್ಮದ ಡಾಕ್ಟರಮ್ಮ ಬರ್ತಾರಲ್ಲ, ಅವರನ್ನ ಕೇಳು. ಯಾಕೆ ಉದುರ್ತಿದೆ ಅಂತ ಗೊತ್ತಾದ್ರೆ ಸಾಕು ನಂಗೆ."

"ನೀನೇ ಬಂದು ತೋರಿಸ್ಕೋಬಹುದಲ್ಲ."

"ಹೇಗೆ ಬರ್ಲಿ? ಗಂಡ ಡಾಕ್ಟ್ರು, ಹೆಂಡ್ತಿ ಚೀಟಿ ಹಿಡ್ಕೊಂಡು ಸಾಲಲ್ಲಿ ನಿಂತಿದಾಳೆ ಅಂತ ಬೀದಿಯೆಲ್ಲ ಆಡಿಕೊಳ್ಳಲ್ವಾ? ನಿನ್ನ ಕೋಟಿಗೋಸ್ಕರ ನಾನು ಇಲ್ಲೇ ಸಾಯ್ಬೇಕು. ಒಂದು ಮಾತು, ಯಾರಿಗೂ ಗೊತ್ತಾಗಬಾರ್ದು."

ಸೋಮವಾರ ಫಾನೋ ಡಾಕ್ಟರ್ ಯೊಕಾಸ್ತಾರ ಬಾಗಿಲವರೆಗೂ ಹೋದ. ಒಳಗೆ ಅವರು ಯಾರೋ ಹೆಂಗಸಿಗೆ ಹೇಳುತ್ತಿದ್ದರು: "ದಿನಕ್ಕೆ ನೂರರವರೆಗೆ ಉದುರೋದು ಸಹಜ ಕಣಮ್ಮ. ಏಳು ದಿನ ಎಣಿಸ್ಕೊಂಡು ಬಾ, ನೋಡೋಣ." ಅಷ್ಟರಲ್ಲಿ ಡಾಕ್ಟರಮ್ಮ ತಲೆಯೆತ್ತಿ, "ಫಾನೋ, ಕೈ ತೊಳೆಯೋ ಸೋಪು ಮುಗಿದಿದೆ" ಎಂದರು. ಫಾನೋ ಸೋಪು ತಂದಿಟ್ಟ. ಬರುವಾಗ ಮೊಗಸಾಲೆಯಲ್ಲಿ ಹಂಚಲು ಇಟ್ಟಿದ್ದ 'ಹೆಂಗಸರಲ್ಲಿ ಕೂದಲು ಉದುರುವಿಕೆ' ಎಂಬ ಪುಸ್ತಿಕೆಯನ್ನು ಕೋಟಿನ ಜೇಬಿಗೆ ಸೇರಿಸಿದ. ಡಾಕ್ಟರಾಗಲು ಇನ್ನೇನು ಬೇಕು?

"ಕೇಳಿದೆ," ಎಂದ ಸಂಜೆ ಹೆಂಡತಿಗೆ. "ಏಳು ದಿನ ಎಣಿಸ್ಬೇಕಂತೆ. ಆ ಕೆಲಸ ನಂಗೆ ಬಿಡು."

ಮಂಗಳವಾರ ಬೆಳಗ್ಗೆ ಬೆಳಕು ಚೆನ್ನಾಗಿ ಬೀಳುವ ಬೀದಿ ಕಿಟಕಿಯ ಪಕ್ಕ ಮೇಜು ಹಾಕಿ, ಬಿಳಿ ಕಾಗದ ಹಾಸಿ, ದಿಂಬಿನ ಮೇಲಿನದು, ಬಾಚಣಿಗೆಯದು, ನೆಲದ್ದು ಎಲ್ಲವನ್ನೂ ಗುಡ್ಡೆ ಹಾಕಿ ಚಿಮುಟದಲ್ಲಿ ಒಂದೊಂದೇ ಎತ್ತಿ ಎಣಿಸಿದ. ಉದ್ದದ್ದೂ ಇತ್ತು, ಗಿಡ್ಡದ್ದೂ ಇತ್ತು. ಗಿಡ್ಡವು ಮುರಿದ ತುಂಡುಗಳೆಂದು ತೀರ್ಮಾನಿಸಿ, ವಿಜ್ಞಾನಕ್ಕೆ ಮೋಸವಾಗಬಾರದೆಂದು ಅವನ್ನೂ ಸೇರಿಸಿದ. ಒಟ್ಟು ನೂರ ಎಂಬತ್ತೇಳು. ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದ.

ಕಿಟಕಿಯ ಸರಳಿನಾಚೆ ಪಕ್ಕದ ಮನೆಯ ದೋನ್ಯಾ ಕೂಕಾ ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಆ ಕಿಟಕಿಯಲ್ಲಿ ಗಾಳಿ ಬರುವುದಕ್ಕಿಂತ ಅವಳು ಬರುವುದೇ ಹೆಚ್ಚು.

"ಏನ್ ಮಗಾ ಅದು, ನೂರೆಂಬತ್ತೇಳು?"

"ಸಂಶೋಧನೆ," ಎಂದ ಫಾನೋ ಗಂಭೀರವಾಗಿ. "ಬಹಳ ಮುಖ್ಯವಾದ ಸಂಖ್ಯೆ. ಇದಕ್ಕಿಂತ ಹೆಚ್ಚಿಗೆ ಹೇಳೋ ಹಾಗಿಲ್ಲ."

ದೋನ್ಯಾ ಕೂಕಾ ಹೆಚ್ಚಿಗೆ ಕೇಳಲೂ ಇಲ್ಲ. ಇಲ್ಲೊಂದು ಮಾತು ತಿಳಿದಿರಬೇಕು. ಲಾ ಸೇಯ್ಬಾ ಬೀದಿಯಲ್ಲಿ ಲಾಟರಿ ಆಡದವನು ಫಾನೋ ಒಬ್ಬನೇ. ಅದು ಮೂಢರ ಶಾಸ್ತ್ರವೆಂದು ಆತ ಕಿವಿ ಮುಚ್ಚಿಕೊಳ್ಳುತ್ತಿದ್ದ. ಉಳಿದವರಿಗೆ ಜಗತ್ತಿನಲ್ಲಿ ಕಾಣುವುದೆಲ್ಲ ಎರಡಂಕಿಯೇ. ಕನಸಿನಲ್ಲಿ ಕಂಡ ಹಸುವಿಗೆ ಒಂದು ಅಂಕೆ, ಅಪಘಾತವಾದ ಬಸ್ಸಿನ ಹಿಂದೆ ಬರೆದದ್ದು ಒಂದು ಅಂಕೆ, ಸತ್ತವನ ವಯಸ್ಸಂತೂ ಮಣ್ಣು ಮಾಡಿ ಬರುವಷ್ಟರಲ್ಲಿ ಖಾಲಿ. ಅಂಥ ಊರಿನಲ್ಲಿ ಬಿಳಿ ಕೋಟಿನ ಡಾಕ್ಟರು ಕೆಂಪು ಪೆನ್ನಿನಲ್ಲಿ ಬರೆದು ಹೇಳುವ ಹಾಗಿಲ್ಲ ಎಂದರೆ, ಇನ್ನು ಹೇಗೆ ಹೇಳಬೇಕು? ದೋನ್ಯಾ ಕೂಕಾ ಕೊನೆಯ ಎರಡಂಕಿ, ಎಂಬತ್ತೇಳಕ್ಕೆ ಕಟ್ಟಿದಳು. ಎಂಬತ್ತೇಳೇ ಮೊದಲ ಬಹುಮಾನ ಬಂತು.

ಬುಧವಾರದ ಲೆಕ್ಕ ನೂರ ನಲವತ್ತೆರಡು. ಕಿಟಕಿಯಲ್ಲಿ ಐದು ತಲೆ. ನಲವತ್ತೆರಡು ಮೂರನೆಯ ಬಹುಮಾನ ಬಂತು.

ಗುರುವಾರ ಬೆಳಗ್ಗೆ ಫಾನೋ ಚಿಮುಟ ಹಿಡಿಯುವ ಮೊದಲೇ ಕಿಟಕಿಯ ಮುಂದೆ ಮೂವತ್ತು ಜನ. ಒಬ್ಬ ಬಾಳೆಕಾಯಿ ಗೊನೆ ತಂದಿದ್ದ. ಇನ್ನೊಬ್ಬಳು ಕಾಲು ಕಟ್ಟಿದ ಕೋಳಿ ತಂದು ಹೊಸಿಲ ಮೇಲೆ ಇಟ್ಟು ಕೈ ಮುಗಿದಳು. ಫಾನೋ ಕೋಟಿನ ಗುಂಡಿ ಸರಿಮಾಡಿಕೊಂಡ. ಹನ್ನೊಂದು ವರ್ಷ ಫಿನಾಯಿಲು ಕೊಟ್ಟವನನ್ನು ಆಸ್ಪತ್ರೆಯಲ್ಲಿ ಯಾರೂ ಒಂದು ಮಾತು ಕೇಳಿರಲಿಲ್ಲ. ವಿಜ್ಞಾನ ಎಂದ ಮೂರೇ ದಿನಕ್ಕೆ ಬೀದಿಗೆ ಬೀದಿಯೇ ಎದ್ದು ಬಂದಿದೆ.

"ಡಾಕ್ಟ್ರೇ, ಈ ನಂಬರು ಎಲ್ಲಿಂದ ಬರ್ತದೆ, ಅದನ್ನಾದ್ರೂ ಹೇಳಿ," ಎಂದರು.

ಹೆಂಡತಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಹೆಸರು ಹೇಳದಿದ್ದರೆ ಮಾತು ಮುರಿದಂತಾಗುವುದಿಲ್ಲ ಎಂದು ಧರ್ಮಸೂಕ್ಷ್ಮ ಮತ್ತೆ ಕೈ ಹಿಡಿಯಿತು. ಜೇಬಿನಿಂದ ಪುಸ್ತಿಕೆ ತೆಗೆದ.

"ಹೆಂಗಸರ ಕೂದಲು ಯಾಕೆ ಉದುರತ್ತೆ ಅನ್ನೋದೇ ನನ್ನ ಸಂಶೋಧನೆ. ಕಾರಣ ಒಂದಲ್ಲ. ಮೊದಲನೇದು, ರಕ್ತದಲ್ಲಿ ಕಬ್ಬಿಣ ಕಮ್ಮಿ ಆಗೋದು."

"ಎಷ್ಟು ಇರ್ಬೇಕು?" ಎಂದಳು ಕೋಳಿಯವಳು.

"ರಕ್ತದ ಅಂಶ ಹನ್ನೆರಡಕ್ಕಿಂತ ಕೆಳಗೆ ಹೋಗಬಾರ್ದು."

ಮೂವತ್ತು ಪೆನ್ಸಿಲ್ಲುಗಳು ಹನ್ನೆರಡು ಎಂದು ಬರೆದುಕೊಂಡವು. ಇಂಥ ವಿದ್ಯಾರ್ಥಿಗಳನ್ನು ಫಾನೋ ಕನಸಿನಲ್ಲೂ ಕಂಡಿರಲಿಲ್ಲ.

"ಎರಡನೇದು ಥೈರಾಯ್ಡು. ಗಂಟಲಲ್ಲಿರತ್ತೆ, ಚಿಟ್ಟೆ ಆಕಾರ."

ಗುಂಪು ಎರಡು ಪಾಲಾಯಿತು. ಚಿಟ್ಟೆಗೆ ಎಪ್ಪತ್ತೊಂದು ಎಂದು ಒಂದು ಪಕ್ಷ, ಅದು ಪತಂಗಕ್ಕೆ, ಚಿಟ್ಟೆಗೆ ಇಪ್ಪತ್ತು ಎಂದು ಇನ್ನೊಂದು ಪಕ್ಷ. ಕೈ ಕೈ ಮಿಲಾಯಿಸುವವರೆಗೂ ಹೋಯಿತು. ವಿದ್ಯಾವಂತರಲ್ಲಿ ಭಿನ್ನಾಭಿಪ್ರಾಯ ಸಹಜವೆಂದು ಫಾನೋ ಎಲ್ಲರನ್ನೂ ಸಮಾಧಾನ ಮಾಡಿ ಮುಂದುವರಿಸಿದ. "ಹೆರಿಗೆಯಾದ ಮೂರು ತಿಂಗಳಿಗೆ ಉದುರಬಹುದು. ಜೋರು ಜ್ವರ ಬಂದುಹೋದ ಮೂರು ತಿಂಗಳಿಗೆ ಉದುರಬಹುದು. ಸಣ್ಣ ಆಗ್ಬೇಕು ಅಂತ ಹೊಟ್ಟೆ ಕಟ್ಟಿದ್ರೆ ಉದುರಬಹುದು. ವಾರ ವಾರ ಬಿಗಿಯಾಗಿ ಎಳೆದು ಉರುಳೆ ಸುತ್ತಿದ್ರೂ ಉದುರಬಹುದು."

"ನನ್ನ ಹೊಟ್ಟೆ ಮೇಲೆ ಹೊಡೀತೀರಲ್ಲ ಡಾಕ್ಟ್ರೇ," ಎಂದು ಸಲೂನಿನ ಮಿಲೇಡಿಸ್ ಹಿಂದಿನಿಂದ ಕೂಗಿದಳು. "ನನ್ನ ಉರುಳೆ ಇಪ್ಪತ್ತು ವರ್ಷದಿಂದ ಯಾರ ತಲೆನೂ ಬೋಳಿಸಿಲ್ಲ."

"ಇಪ್ಪತ್ತು ಅಂದ್ಲು, ಚಿಟ್ಟೆನೂ ಇಪ್ಪತ್ತು," ಎಂದು ಯಾರೋ ಪಿಸುಗುಟ್ಟಿದರು.

"ಅವೆಲ್ಲ ಸುಳ್ಳು," ಎಂದಳು ದೋನ್ಯಾ ಕೂಕಾ. "ಇಸ್ತ್ರಿ ಮಾಡಿದ ಬಿಸೀಲಿ ಬರಿಗಾಲಲ್ಲಿ ಒದ್ದೆ ನೆಲ ತುಳಿದ್ರೆ ಉದುರತ್ತೆ. ಇಲ್ಲಾ, ಆಹಾ ಎಂಥ ಕೂದಲು ಅಂತ ಯಾರೋ ಅಂದು, ದೇವರು ಚೆನ್ನಾಗಿಟ್ಟಿರಲಿ ಅನ್ನದೆ ಹೋಗಿರ್ತಾರೆ. ಅದಿರ್ಲಿ ಮಗಾ, ಈ ಕೂದಲು ಯಾರದು?"

ಫಾನೋ ಬಾಯಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಆ ಬಿಸಿಲಿನಲ್ಲಿ ಮನೆಯೊಳಗೆ ತಲೆಗೆ ವಸ್ತ್ರ ಕಟ್ಟಿಕೊಂಡು ಓಡಾಡುತ್ತಿದ್ದವಳು ಬೀದಿಯಲ್ಲಿ ಒಬ್ಬಳೇ ಇದ್ದಳು. ಮೂವತ್ತು ಜೊತೆ ಕಣ್ಣು ಅವಳ ಮೇಲೆ ನೆಟ್ಟವು.

ಶುಕ್ರವಾರ ಲಾಟರಿ ಅಂಗಡಿಯ ಎಲ್ಪಿಡಿಯೋ ಟೋಪಿ ಕೈಯಲ್ಲಿ ಹಿಡಿದು ಬಂದ. ಗೆದ್ದವರಿಗೆಲ್ಲ ಕೈಯಿಂದ ದುಡ್ಡು ಕೊಟ್ಟು ಎರಡು ದಿನಕ್ಕೆ ಅವನ ಮುಖ ಇಳಿದು ಹೋಗಿತ್ತು. ಕೂತವನು ಮೆಲ್ಲಗೆ ಕೇಳಿದ:

"ಡಾಕ್ಟ್ರೇ, ಮುಚ್ಚುಮರೆ ಇಲ್ದೆ ಹೇಳಿ. ಇದು ಇನ್ನೂ ಎಷ್ಟು ದಿನ ಉದುರತ್ತೆ?"

"ಹೇಳೋಕಾಗಲ್ಲ. ಆರು ತಿಂಗಳೂ ಉದುರಬಹುದು."

ಎಲ್ಪಿಡಿಯೋ ಕುರ್ಚಿಯಿಂದ ಜಾರಿದ. ಫಾನೋ ಎತ್ತಿ ಕೂರಿಸಿ ನೀರು ಕೊಟ್ಟ.

"ಆರು ತಿಂಗಳು ನಾನು ಉಳಿಯಲ್ಲ ಡಾಕ್ಟ್ರೇ. ಐದು ಮಕ್ಕಳು ನಂಗೆ."

ಪಾಪ, ಇವನ ಹೆಂಡತಿಗೂ ಶುರುವಾಗಿದೆ ಎಂದುಕೊಂಡ ಫಾನೋ. "ಐದು ಹೆರಿಗೆ ಅಂದ್ಮೇಲೆ ಉದುರದೆ ಇರತ್ತಾ? ಕಬ್ಬಿಣದ ಅಂಶ ಇರೋದನ್ನ ತಿನ್ನಿಸಿ. ಇದರಿಂದ ಯಾರೂ ಸಾಯಲ್ಲ."

"ನಿಲ್ಲಿಸೋಕೆ ದಾರಿ ಇಲ್ವಾ? ಏನ್ ಬೇಕಾದ್ರೂ ಕೇಳಿ, ಕೊಡ್ತೀನಿ."

"ನಿಲ್ಲಿಸೋದು ನನ್ನ ಕೈಲಿಲ್ಲಪ್ಪ. ನಾನು ಬರೀ ಎಣಿಸೋನು."

ಎಲ್ಪಿಡಿಯೋ ಗೋಡೆ ಹಿಡಿದುಕೊಂಡು ಹೊರಗೆ ಹೋದ. ಹೆಂಡತಿಯನ್ನು ಇಷ್ಟು ಪ್ರೀತಿಸುವ ಗಂಡಸು ಬೀದಿಯಲ್ಲಿ ಇದ್ದಾನೆಂದು ಫಾನೋನಿಗೆ ಗೊತ್ತೇ ಇರಲಿಲ್ಲ.

ಅತ್ತ ಸುನಿಲ್ದಾಳ ಪಾಡು ಬೇರೆಯೇ ಆಗಿತ್ತು. ದಿನಸಿ ಅಂಗಡಿಗೆ ಹೋದರೆ ಹೆಂಗಸರು ಜಾಗ ಬಿಟ್ಟುಕೊಟ್ಟು ಭುಜ ಸವರುತ್ತಿದ್ದರು. ಮಾತಾಡಿದ್ದೇ ಇಲ್ಲದವರು ಹೊಸ ಬಾಚಣಿಗೆ ಕೊಟ್ಟು, "ಇನ್ನೊಂದು ಸಲ ಬಾಚ್ಕೋ ತಾಯಿ, ಬೆಳಗಿನ ಲೆಕ್ಕ ಯಾಕೋ ಸರಿ ಬರ್ಲಿಲ್ಲ" ಎನ್ನುತ್ತಿದ್ದರು. ಒಬ್ಬಳು ಈರುಳ್ಳಿ ರಸ ಹಚ್ಚಿಕೋ ಎಂದಾಗ ನಾಲ್ಕು ಜನ ಮೇಲೆ ಬಿದ್ದು ಅವಳ ಬಾಯಿ ಮುಚ್ಚಿಸಿದರು: "ನಿಂತು ಹೋದ್ರೆ ನೀನು ಕಟ್ಟಿಕೊಡ್ತೀಯಾ?" ಶನಿವಾರ ಬೀದಿ ತಿರುವಿನಲ್ಲಿ ಒಬ್ಬ ಅವಳ ಬೆನ್ನ ಮೇಲಿನಿಂದ ಒಂದು ಕೂದಲು ಕಿತ್ತುಕೊಂಡು ಓಡಿದ. ಅವನ ಹಿಂದೆ ಇನ್ನಿಬ್ಬರು ಓಡಿದರು.

ಅವಳು ಮನೆಗೆ ಬಂದಾಗ ಒಳಗೆ ಠಾಣೆಯ ಸಾರ್ಜೆಂಟ್ ಪೊಲಾಂಕೊ ಕುಳಿತಿದ್ದ. ಈ ಮನೆಯಲ್ಲಿ ಪರವಾನಗಿಯಿಲ್ಲದೆ ಲಾಟರಿ ನಡೆಸುತ್ತಿದ್ದಾರೆಂದು ದೂರು ಬಂದಿತ್ತು. ಮೇಜಿನ ಮೇಲೆ ದಿನಾಂಕ ಬರೆದ ಐದು ಕಾಗದದ ಪೊಟ್ಟಣ.

"ಇದೇನು?"

"ಕೂದಲು."

"ಯಾರದು?"

"ಅದನ್ನ ಹೇಳೋಹಾಗಿಲ್ಲ ಸಾರ್ಜೆಂಟರೇ, ರೋಗಿಯ ಗುಟ್ಟು."

ಸಾರ್ಜೆಂಟ್ ಪೊಟ್ಟಣಗಳನ್ನು ಬೆಳಕಿಗೆ ಹಿಡಿದ, ಮೂಸಿದ, ತನ್ನ ಪುಸ್ತಕದಲ್ಲಿ ಏನೋ ಗೀಚಿದ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ದೂರು ಹಾಗಿರ್ಲಿ. ಇವತ್ತಿಂದು ಎಷ್ಟು?"

ಸುನಿಲ್ದಾ ತಲೆಯ ವಸ್ತ್ರ ಬಿಚ್ಚಿ ಮೇಜಿನ ಮೇಲೆ ಹೊಡೆದಳು. "ಹೊರಗೆ ನಡೀರಿ ಸಾರ್ಜೆಂಟರೇ." ಸಾರ್ಜೆಂಟ್ ನಡೆದ. ಅವಳು ಗಂಡನ ಕಡೆ ತಿರುಗಿದಳು.

"ನಿನ್ನ ಪಾಠ ಕೇಳೋಕೆ ಬರ್ತಿದಾರೆ ಅನ್ಕೊಂಡಿದೀಯಾ? ನನ್ನ ಕೂದಲಿನ ಮೇಲೆ ಲಾಟರಿ ಕಟ್ತಿದಾರೆ ಕಣೋ. ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ."

ಫಾನೋ ಜೇಬಿನಿಂದ ಪುಸ್ತಿಕೆ ತೆಗೆದು ನೋಡಿದ. "ಥೈರಾಯ್ಡ್ ಕೂಡ?" ಎಂದ.

"ಥೈರಾಯ್ಡ್ ಕೂಡ."

ಆತ ಪುಸ್ತಿಕೆಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಆದರೆ ಸುನಿಲ್ದಾ ಅಳುತ್ತಿದ್ದಳು, ಅದನ್ನು ನೋಡಿದ ಮೇಲೆ ತನ್ನ ಅವಮಾನ ಆತನಿಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. "ಸೋಮವಾರ ನನ್ನನ್ನ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗು," ಎಂದಳು ಅವಳು. "ಯಾರು ನೋಡಿದ್ರೂ ಚಿಂತೆ ಇಲ್ಲ. ನಾನು ಸಾಯ್ತೀನೋ ಬದುಕ್ತೀನೋ ಅಷ್ಟು ಹೇಳಿದ್ರೆ ಸಾಕು."

ಸೋಮವಾರ ಅವರು ಹೊರಟರೆ ಬೀದಿಯೂ ಜೊತೆಗೆ ಹೊರಟಿತು. ಏಳನೆಯ ದಿನ, ಕೊನೆಯ ಲೆಕ್ಕ. ದೋನ್ಯಾ ಕೂಕಾ ಕುರ್ಚಿ ಹೊರಿಸಿಕೊಂಡು ಬಂದಳು. ಎಲ್ಪಿಡಿಯೋ ಬಂದ, ಸಾರ್ಜೆಂಟ್ ಶಾಂತಿ ಕಾಪಾಡಲು ಬಂದ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರ್ ಯೊಕಾಸ್ತಾ ಬಾಗಿಲು ತೆಗೆದು ಹೊರಗೆ ನೋಡಿದರು. ಬಿಳಿ ಕೋಟು ಹಾಕಿಕೊಂಡು ಎಲ್ಲರ ಮುಂದೆ ನಿಂತಿದ್ದ ಫಾನೋ ಕಣ್ಣಿಗೆ ಬಿದ್ದ.

"ಬಂದ್ಯಾ ಫಾನೋ, ಒಳ್ಳೇದಾಯ್ತು. ಎರಡನೇ ವಾರ್ಡಲ್ಲಿ ಯಾರೋ ವಾಂತಿ ಮಾಡ್ಕೊಂಡಿದಾರೆ. ಫಿನಾಯಿಲು, ಬಟ್ಟೆ ಕೊಟ್ಟು ಬಾ."

ಮೊಗಸಾಲೆಯವರೆಲ್ಲ ಆ ಬಿಳಿ ಕೋಟನ್ನೇ ನೋಡಿದರು. ಹನ್ನೊಂದು ವರ್ಷದ ಡಾಕ್ಟರಿಕೆ ಮೂರು ಮಾತಿನಲ್ಲಿ ಮುಗಿಯಿತು. ಏನಾದರೂ ಒಂದು ಸುಳ್ಳು ಹೊಂದಿಸಬಹುದೇ ಎಂದು ಫಾನೋ ಒಂದು ಕ್ಷಣ ಹುಡುಕಿದ. ಪಕ್ಕದಲ್ಲಿ ಸುನಿಲ್ದಾ ಆತನ ಕೋಟಿನ ತೋಳು ಹಿಡಿದುಕೊಂಡಿದ್ದಳು.

"ಕೊಡ್ತೀನಿ ಡಾಕ್ಟರಮ್ಮ, ಅದೇ ನನ್ನ ಕೆಲಸ," ಎಂದ ಎಲ್ಲರಿಗೂ ಕೇಳುವಂತೆ. "ಆದರೆ ಮೊದಲು ನನ್ನ ಹೆಂಡ್ತೀನ ನೋಡಿ. ತುಂಬ ಹೆದರಿದಾಳೆ. ನಂಗೂ ಹೆದರಿಕೆ."

ಡಾಕ್ಟರಮ್ಮ ಅವಳನ್ನು ಕೂರಿಸಿದರು. ಬಾಗಿಲು ಹಾಕಲು ನೋಡಿದರೆ ಬಾಗಿಲ ಸಂದಿಯಲ್ಲಿ ದೋನ್ಯಾ ಕೂಕಾಳ ಕುರ್ಚಿ ಇತ್ತು. ನೆತ್ತಿ ನೋಡಿದರು, ಒಂದು ಹಿಡಿ ಕೂದಲನ್ನು ಮೆಲ್ಲಗೆ ಜಗ್ಗಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಗಂಟಲು ಸವರಿದರು.

"ಮೂರು ನಾಲ್ಕು ತಿಂಗಳ ಹಿಂದೆ ಏನಾದ್ರೂ ಜ್ವರ ಬಂದಿತ್ತಾ?"

"ಡೆಂಗಿ ಬಂದಿತ್ತು. ಒಂದು ವಾರ ಎದ್ದಿರ್ಲಿಲ್ಲ."

"ಅದೇ ಮತ್ತೆ. ಅಂಥ ಜ್ವರ ಬಂದ್ರೆ ಕೂದಲು ಆವಾಗ್ಲೇ ಬುಡ ಬಿಟ್ಟಿರತ್ತೆ, ಬೀಳೋದು ಮಾತ್ರ ಮೂರು ತಿಂಗಳಿಗೆ. ರಕ್ತ ಪರೀಕ್ಷೆಗೆ ಒಂದು ಚೀಟಿ ಬರೀತೀನಿ, ನೋಡ್ಬಿಡೋಣ. ಆದರೆ ಇಲ್ಲಿ ಹಣೆ ಹತ್ರ ಮುಟ್ಟಿ ನೋಡು, ಹೊಸದು ಮೊಳೀತಾ ಇದೆ. ಎಲ್ಲ ವಾಪಸ್ ಬರತ್ತೆ. ನಿಂಗೇನೂ ಆಗಿಲ್ಲ ಕಣಮ್ಮ."

ಸುನಿಲ್ದಾ ಹಣೆಯ ಮೇಲೆ ಬೆರಳಾಡಿಸಿದಳು. ಗಿಡ್ಡಗೆ ಚುಚ್ಚುತ್ತಿದ್ದವು. ಎರಡು ಸಲ ಮುಟ್ಟಿ ನೋಡಿಕೊಂಡಳು. ಆಮೇಲೆ ಗಂಡನ ಕಡೆ ನೋಡಿದಳು.

"ಆ ಏಳು ದಿನ ನನ್ನ ಹಣೆ ಮೇಲೆ ಒದ್ದೆ ಬಟ್ಟೆ ಹಾಕಿದ್ದು ಯಾರು ಫಾನೋ?"

"ನಾನು."

"ಜ್ವರದಿಂದ್ಲೂ ಉದುರತ್ತೆ ಅಂತ ಬೀದಿಗೆಲ್ಲ ಪಾಠ ಮಾಡಿದ್ದು ಯಾರು?"

"ನಾನೇ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಫಾನೋ ಏನಾದರೂ ಮಾಡಬೇಕಲ್ಲ ಎಂದು ಏಳು ಪೊಟ್ಟಣಗಳನ್ನು ಡಾಕ್ಟರಮ್ಮನ ಮುಂದಿಟ್ಟ. ಅವರು ಒಂದನ್ನು ಬಿಚ್ಚಿ ಬೆರಳಲ್ಲಿ ಕೆದಕಿದರು.

"ಈ ಉದ್ದದ್ದು ಇವಳದು, ಸರಿ. ಈ ಗಿಡ್ಡ ಗುಂಗುರು ಯಾರದು? ಅರ್ಧಕ್ಕರ್ಧ ಇದೇ ಇದೆಯಲ್ಲ."

"ಅವು ಮುರಿದ ತುಂಡು ಡಾಕ್ಟರಮ್ಮ," ಎಂದು ಫಾನೋ ತೋರಿಸಲು ಬಗ್ಗಿದ. ಬಗ್ಗಿದ ತಲೆಯಿಂದ ಮೂರು ಗಿಡ್ಡ ಗುಂಗುರು ಕೂದಲು ಕಾಗದದ ಮೇಲೆ ಉದುರಿದವು. ಒಂದು ಅರೆನರೆತದ್ದು.

ಡಾಕ್ಟರಮ್ಮ ಆತನ ತಲೆಯನ್ನು ಹಾಗೇ ಹಿಡಿದು ದೀಪದ ಕೆಳಗೆ ತಿರುಗಿಸಿದರು. "ಇದರ ಕಾರಣ ಹುಡುಕೋದೇ ಬೇಡ ಫಾನೋ. ನಿಮ್ಮಪ್ಪಂದೂ ಬೋಳು ಇರ್ಬೇಕು, ಅಲ್ವಾ? ಇದು ವಾಪಸ್ ಬರೋದಲ್ಲ."

ಸುನಿಲ್ದಾಳಿಗೆ ನಗು ಬಂತು. ಮೊದಲು ಕೈ ಅಡ್ಡ ಹಿಡಿದಳು, ಆಮೇಲೆ ತಡೆಯಲಾಗಲಿಲ್ಲ. ಮೂರು ವಾರದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಹೆದರಿಕೆಯೆಲ್ಲ ನಗುವಾಗಿ ಹೊರಬಿತ್ತು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ಗಂಡನ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಅವಳು ನಗುವುದನ್ನು ನೋಡಿ ಫಾನೋನಿಗೆ ತನ್ನ ತಲೆಯ ಮೇಲೆ ಏನಿದೆ, ಏನಿಲ್ಲ ಎಂಬುದೇ ಮರೆತುಹೋಯಿತು.

ಇಬ್ಬರೂ ಹೊರಗೆ ಬಂದರು. ಮೊಗಸಾಲೆಗೆ ಮೊಗಸಾಲೆಯೇ ಎದ್ದು ನಿಂತಿತು.

"ಏನಾಯ್ತು, ಎಷ್ಟು ಬಂತು?" ಎಂದಳು ದೋನ್ಯಾ ಕೂಕಾ.

"ನಂದು ನಿಲ್ಲತ್ತಂತೆ ದೋನ್ಯಾ ಕೂಕಾ," ಎಂದಳು ಸುನಿಲ್ದಾ. "ನೀವೆಲ್ಲ ಕಟ್ಟಿದ್ರಲ್ಲ, ಅದರಲ್ಲಿ ಅರ್ಧ ಇವರದು."

ಪೆನ್ಸಿಲ್ಲುಗಳು ಅರೆಕ್ಷಣ ತಡೆದವು. ಮೂವತ್ತು ಜನರ ದೃಷ್ಟಿ ಒಟ್ಟಿಗೆ ಮೇಲೇರಿ ಫಾನೋನ ನೆತ್ತಿಯ ಮೇಲೆ ನಿಂತಿತು. ಹೊಸ ಗಣಿ ಸಿಕ್ಕವರ ಹಾಗೆ ಎಲ್ಲರ ಮುಖ ಅರಳಿತು. ಗುಂಪನ್ನು ಸೀಳಿಕೊಂಡು ಎಲ್ಪಿಡಿಯೋ ಮುಂದೆ ಬಂದ. ಅವನ ತುಟಿ ಒಣಗಿತ್ತು.

"ಅಮ್ಮಾ, ನೀವಾದ್ರೂ ನಿಜ ಹೇಳಿ. ಇವರದು ಇನ್ನೂ ಎಷ್ಟು ದಿನ ಉದುರತ್ತೆ?"

ಸುನಿಲ್ದಾ ಗಂಡನ ತಲೆಯನ್ನು ಬಗ್ಗಿಸಿ, ಬೆರಳಿನಿಂದ ಅಲ್ಲಲ್ಲಿ ಬಿಡಿಸಿ, ಹಿಂದೆ ಮುಂದೆ ಚೆನ್ನಾಗಿ ನೋಡಿದಳು. ಪ್ರೀತಿಯಿಂದ ಒಂದು ಸಲ ಸವರಿದಳು.

"ಧೈರ್ಯವಾಗಿರಿ ಎಲ್ಪಿಡಿಯೋ," ಎಂದಳು. "ಇರೋದೇ ಸ್ವಲ್ಪ."